ನಾಲ್ಕು ಮನೆಯ ಲೆಕ್ಕ

2024ರ ಮಾರ್ಚಿನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಿ ಆದೇಶ ಹೊರಡಿಸಿತು. 5 ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000. ಅದಕ್ಕೆ ಮೊದಲಿನ ವಾರಗಳಲ್ಲಿ ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರ ರಸ್ತೆಯ ಕಡೆ ಇದರ ಎರಡು ಪಟ್ಟು ಕೊಡುತ್ತೇವೆಂದರೂ ಟ್ಯಾಂಕರಿನವರು ಫೋನ್ ಎತ್ತುತ್ತಿರಲಿಲ್ಲ. ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದ್ದೂ ಆಗಲೇ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು.

ಎಲ್ಲರೂ ದೂರಿದ್ದು ಮಳೆಯನ್ನು. 2023ರ ಮುಂಗಾರು ಕೈಕೊಟ್ಟಿದ್ದು ನಿಜ. ಆದರೆ ಕೆರೆಕಟ್ಟೆ ತುಂಬಿ ರಸ್ತೆಗೆ ನೀರು ಬಂದ ವರ್ಷಗಳಲ್ಲೂ ಈ ಭಾಗದ ಬೋರ್‌ವೆಲ್‌ಗಳು ಇನ್ನಷ್ಟು ಆಳಕ್ಕೆ ಇಳಿಯುತ್ತಲೇ ಇದ್ದವು. ಒಂದು ಕಾಲಕ್ಕೆ ಇಪ್ಪತ್ತು ಮೂವತ್ತು ಅಡಿಯ ತೆರೆದ ಬಾವಿಯಲ್ಲಿ ಹಗ್ಗ ಇಳಿಬಿಟ್ಟು ನೀರು ಸೇದುತ್ತಿದ್ದ ಹಳ್ಳಿಗಳಲ್ಲಿ ಈಗ ಸಾವಿರ ಅಡಿ ಕೊರೆದರೂ ಪುಡಿಯೇ ಹಾರುತ್ತದೆ. ಇದರ ಕಾರಣವನ್ನು ಮೋಡದಲ್ಲಿ ಹುಡುಕುವುದಕ್ಕಿಂತ ಒಂದು ನಿವೇಶನಕ್ಕೂ ಪಕ್ಕದ ನಿವೇಶನಕ್ಕೂ ನಡುವಿನ ಗೋಡೆಯ ಬುಡದಲ್ಲಿ ಹುಡುಕುವುದು ಮೇಲು. ಅಲ್ಲಿ ನಡೆಯುತ್ತಿರುವುದು ಒಂದು ಆಟ. ಅದೇ ಆಟವನ್ನು ಗಣಿತ ಬಲ್ಲವರು ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಕಂಪ್ಯೂಟರಿನಲ್ಲಿ ಚೌಕಳಿ ಹಾಸಿ ಆಡಿ ನೋಡುತ್ತಿದ್ದಾರೆ. ಅವರು ಕಂಡದ್ದರಲ್ಲಿ ನಮಗೆ ನೇರವಾಗಿ ಉಪಯೋಗಕ್ಕೆ ಬರುವ ಒಂದು ಮಾತಿದೆ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ನಿವೇಶನದ ಕಥೆ. 2007ರಲ್ಲಿ ಬೆಂಗಳೂರಿಗೆ 110 ಹಳ್ಳಿಗಳು ಸೇರಿದವು. ಹೊರವಲಯದ ಐಟಿ ಪಟ್ಟಿಯ ಎಷ್ಟೋ ಭಾಗ ಇವುಗಳಲ್ಲಿದೆ. ಇವುಗಳಿಗೆಂದೇ ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಇಲ್ಲಿ ಮನೆ ಕಟ್ಟಿದವರಿಗೆ ಇದ್ದದ್ದು ಎರಡೇ ದಾರಿ: ಬೋರ್ ಹೊಡೆಸು, ಇಲ್ಲವೇ ಟ್ಯಾಂಕರ್ ಕರೆ. ಹಾಗಾಗಿ ಬೋರ್ ಹೊಡೆಸಿದವರನ್ನು ಕೆಟ್ಟವರೆಂದು ನಾನು ಕರೆಯುವುದಿಲ್ಲ. ಮನೆಯಲ್ಲಿ ಮಕ್ಕಳಿರುವವರು ಮಾಡುವುದನ್ನೇ ಅವರು ಮಾಡಿದರು.

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ. 60x40 ಸೈಟಿನ ಮೇಲೆ ಬೀಳುವ ನೀರು ವರ್ಷಕ್ಕೆ 2 ಲಕ್ಷ ಲೀಟರಿಗೂ ಹೆಚ್ಚು. ಅದನ್ನು ಇಂಗುಬಾವಿಗೆ ಬಿಟ್ಟರೆ ಮೇಲಿನ ಮಣ್ಣು, ಅದರ ಕೆಳಗಿನ ಸವೆದ ಮೆದುಗಲ್ಲಿನ ಪದರ ಹೀರಿಕೊಂಡು ನಿಧಾನವಾಗಿ ಗಟ್ಟಿ ಬಂಡೆಯ ಬಿರುಕುಗಳಿಗೆ ಇಳಿಸುತ್ತದೆ. ಇಳಿದ ನೀರಿಗೆ ಕಾಂಪೌಂಡ್ ಗೊತ್ತಿಲ್ಲ. ಇಂಗಿಸಿದವರ ಬೋರಿಗೆ ಸ್ವಲ್ಪ, ಎಡಬಲದ ಮನೆಗಳ ಬೋರಿಗೆ ಸ್ವಲ್ಪ ಹೋಗುತ್ತದೆ. ಬಾವಿ ತೋಡಿಸಿದ ಖರ್ಚು ಮಾತ್ರ ಪೂರ್ತಿ ಒಬ್ಬರದೇ. ಇಂಗಿಸದೆ ಎತ್ತುವವರಿಗೆ ಆ ಖರ್ಚಿಲ್ಲ, ನೆರೆಯವರು ಇಂಗಿಸಿದ್ದರಲ್ಲಿ ಪಾಲುಂಟು. ಲೆಕ್ಕ ಬಲ್ಲವರು ಸುಮ್ಮನಿರುತ್ತಾರೆ. ಎಲ್ಲರೂ ಲೆಕ್ಕ ಬಲ್ಲವರಾದರೆ ಬೀದಿಗೆ ಬೀದಿಯೇ ಬತ್ತುತ್ತದೆ.

ಈ ಇಕ್ಕಟ್ಟಿಗೆ ಹೆಸರು ಬಿದ್ದದ್ದು 1950ರಲ್ಲಿ, ಅಮೆರಿಕದಲ್ಲಿ. ರ‍್ಯಾಂಡ್ ಸಂಸ್ಥೆಯ ಮೆರಿಲ್ ಫ್ಲಡ್, ಮೆಲ್ವಿನ್ ಡ್ರೆಶರ್ ಈ ಆಟವನ್ನು ಕಟ್ಟಿದರು. ಆಲ್ಬರ್ಟ್ ಟಕರ್ ಅದಕ್ಕೆ ಇಬ್ಬರು ಕೈದಿಗಳ ಕಥೆ ಹೊಲಿದು 'ಕೈದಿಗಳ ಇಕ್ಕಟ್ಟು' ಎಂದರು. ಒಂದೇ ಸಲ ಆಡುವ ಆಟವಾದರೆ ಕೈಕೊಡುವುದೇ ಜಾಣತನ ಎಂದು ಗಣಿತ ತೋರಿಸುತ್ತದೆ. 1973ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ಈ ಗಣಿತವನ್ನು ಜೀವವಿಕಾಸಕ್ಕೆ ತಂದರು. ಅಲ್ಲಿ ಆಟಗಾರನಿಗೆ ಯೋಚನೆಯೇ ಬೇಡ. ಹೆಚ್ಚು ಲಾಭ ತರುವ ನಡತೆಯ ಪ್ರಾಣಿಗೆ ಹೆಚ್ಚು ಮರಿ, ಆ ನಡತೆ ತಾನಾಗಿ ಹಬ್ಬುತ್ತದೆ. ಮನುಷ್ಯರಲ್ಲಿ ಮರಿಗಳ ಬದಲು ಅನುಕರಣೆ ಕೆಲಸ ಮಾಡುತ್ತದೆ. ಪಕ್ಕದವರು ಏನು ಮಾಡಿ ಚೆನ್ನಾಗಿದ್ದಾರೋ ನಾವೂ ಅದನ್ನೇ ಮಾಡುತ್ತೇವೆ. ಬೋರ್ ಪಾಯಿಂಟ್ ನೋಡುವವರು ತೆಂಗಿನಕಾಯಿ ಹಿಡಿದು ಒಂದು ಮನೆಗೆ ಬಂದರೆ ಅದೇ ವಾರ ಇನ್ನೆರಡು ಮನೆಯವರು ಅವರ ನಂಬರ್ ಕೇಳುವುದು ಈ ವಿಕಾಸದ ಆಟವೇ.

ಇದಕ್ಕೆ ಜಾಗದ ಲೆಕ್ಕ ಸೇರಿದ್ದು ಆಮೇಲೆ. ರಾಬರ್ಟ್ ಆಕ್ಸೆಲ್‌ರಾಡ್ 1984ರ ತಮ್ಮ ಪುಸ್ತಕದಲ್ಲಿ 63 ಬಗೆಯ ತಂತ್ರಗಳನ್ನು ತಲಾ ನಾಲ್ಕರಂತೆ 14x18 ಚೌಕಳಿಯಲ್ಲಿ ಕೂರಿಸಿ ಆಡಿಸಿದರು. ನಿಜವಾದ ತಿರುವು ಬಂದದ್ದು 1992ರ ಅಕ್ಟೋಬರಿನಲ್ಲಿ. ಆಕ್ಸ್‌ಫರ್ಡಿನಲ್ಲಿದ್ದ ಮಾರ್ಟಿನ್ ನೊವಾಕ್ ಮತ್ತು ರಾಬರ್ಟ್ ಮೇ 'ನೇಚರ್' ಪತ್ರಿಕೆಯಲ್ಲಿ ಚಿಕ್ಕದೊಂದು ಪ್ರಬಂಧ ಪ್ರಕಟಿಸಿದರು. ಅವರ ಆಟಗಾರರಿಗೆ ನೆನಪಿಲ್ಲ, ಸೇಡಿಲ್ಲ, ಮಾತಿಲ್ಲ. ಇರುವುದು ಒಂದು ಮನೆ ಮತ್ತು ಸುತ್ತಲಿನ ಎಂಟು ಮನೆ, ಅಷ್ಟೇ. ಆದರೂ ಕೈಜೋಡಿಸುವವರು ಉಳಿದುಕೊಂಡರು.

ಇದನ್ನು ನಂಬಲು ಕಂಪ್ಯೂಟರ್ ಬೇಡ. ಮಕ್ಕಳ ಗಣಿತದ ಚೌಕಳಿ ಪುಸ್ತಕದ ಒಂದು ಹಾಳೆ, ಒಂದು ಹಿಡಿ ಹುಣಸೆಬೀಜ ಸಾಕು. ಬೀಜ ಇಟ್ಟ ಮನೆ ಇಂಗಿಸುವವರದು, ಖಾಲಿ ಮನೆ ಬರೀ ಎತ್ತುವವರದು. ಇಂಗಿಸುವ ಮನೆಗೆ ತನ್ನದೇ ನೀರಿನಿಂದ 1 ಅಂಕ, ಸುತ್ತಲಿನ ಎಂಟರಲ್ಲಿ ಎಷ್ಟು ಬೀಜವಿದೆಯೋ ಅಷ್ಟು ಅಂಕ. ಎತ್ತುವ ಮನೆಗೆ ತನ್ನದೇನೂ ಇಲ್ಲ, ಆದರೆ ಸುತ್ತಲಿನ ಪ್ರತಿ ಬೀಜಕ್ಕೂ 1.9 ಅಂಕ. ಖರ್ಚಿಲ್ಲದೆ ಸಿಕ್ಕಿದ್ದರಿಂದ ಅದು ಹೆಚ್ಚು. ಎಲ್ಲ ಮನೆಯ ಅಂಕ ಬರೆದ ಮೇಲೆ ಪ್ರತಿ ಮನೆಯೂ ತನ್ನನ್ನೂ ಸುತ್ತಲಿನ ಎಂಟನ್ನೂ ನೋಡಿ, ಅತಿ ಹೆಚ್ಚು ಅಂಕ ಪಡೆದವರ ನಡತೆಯನ್ನು ಮುಂದಿನ ಸುತ್ತಿಗೆ ತನ್ನದಾಗಿಸಿಕೊಳ್ಳುತ್ತದೆ. ನಿಯಮ ಇಷ್ಟೇ.

ಖಾಲಿ ಹಾಳೆಯ ನಡುವೆ ಒಂದು ಬೀಜ ಇಡಿ. ಅದರ ಅಂಕ 1. ಸುತ್ತಲಿನ ಎಂಟು ಮನೆಗೂ 1.9. ಬೀಜದ ಮನೆಯವರು ಪಕ್ಕದವರನ್ನು ನೋಡಿ ಇಂಗಿಸುವುದನ್ನು ಬಿಡುತ್ತಾರೆ. ಒಂದೇ ಸುತ್ತಿಗೆ ಬೀಜ ಹೋಯಿತು. ಪಕ್ಕಪಕ್ಕ ಎರಡು ಬೀಜ ಇಡಿ. ಅವಕ್ಕೆ ತಲಾ 2. ಎರಡನ್ನೂ ಮುಟ್ಟುವ ಖಾಲಿ ಮನೆಗೆ 3.8. ಎರಡೂ ಹೋದವು. ಮೂರನ್ನು ಮೂಲೆಕಟ್ಟಿನಂತೆ ಇಡಿ. ತಲಾ 3. ಒಳಮೂಲೆಯ ಖಾಲಿ ಮನೆ ಮೂರನ್ನೂ ಮುಟ್ಟುವುದರಿಂದ ಅದಕ್ಕೆ 5.7. ಮೂರೂ ಹೋದವು. ಈಗ ಆ ಒಳಮೂಲೆಗೂ ಒಂದು ಬೀಜ ಹಾಕಿ ನಾಲ್ಕನ್ನು ಚೌಕವಾಗಿ ಕೂರಿಸಿ. ತಲಾ 4 ಅಂಕ. ಹೊರಗಿನ ಯಾವ ಮನೆಯೂ ಎರಡಕ್ಕಿಂತ ಹೆಚ್ಚು ಬೀಜ ಮುಟ್ಟಲಾರದು, ಹೆಚ್ಚೆಂದರೆ 3.8. ಸುತ್ತಲಿನವರೆಲ್ಲ ಈಗ ಇಂಗಿಸುವವರತ್ತ ತಿರುಗುತ್ತಾರೆ. ನಾಲ್ಕು ಬೀಜ ಮುಂದಿನ ಸುತ್ತಿಗೆ ಹದಿನಾರು, ಅದರ ಮುಂದಿನ ಸುತ್ತಿಗೆ ಮೂವತ್ತಾರು.

ಅದೇ ನಾಲ್ಕು ಬೀಜವನ್ನು ಹಾಳೆಯ ನಾಲ್ಕು ಕಡೆ ಚೆಲ್ಲಿ ನೋಡಿ. ಒಂದು ಸುತ್ತಿಗೆ ನಾಲ್ಕೂ ಇಲ್ಲ. ಬೀಜದ ಸಂಖ್ಯೆ ಅಷ್ಟೇ, ನಿಯಮ ಅದೇ, ಖರ್ಚೂ ಅದೇ. ಕೂತ ಜಾಗವೊಂದೇ ಬೇರೆ.

ಎತ್ತುವವರ ಪ್ರಲೋಭನೆಯನ್ನು, ಅಂದರೆ ಪ್ರತಿ ಬೀಜಕ್ಕೆ ಅವರಿಗೆ ಸಿಗುವ ಅಂಕವನ್ನು, 1.9ರಿಂದ 2.1ಕ್ಕೆ ಏರಿಸಿದರೆ ನಾಲ್ಕರ ಚೌಕವೂ ಉಳಿಯದು, ಹೊರಗಿನವರಿಗೆ 4.2 ಬಂದುಬಿಡುತ್ತದೆ. ಅಂದರೆ ಜಾಗ ಎಲ್ಲ ರೋಗಕ್ಕೂ ಮದ್ದಲ್ಲ, ಪುಕ್ಕಟೆ ಲಾಭಕ್ಕೆ ಒಂದು ಮಿತಿ ಇದ್ದರಷ್ಟೇ ಅದು ಕೆಲಸ ಮಾಡುತ್ತದೆ. 1.8ಕ್ಕೂ 2ಕ್ಕೂ ನಡುವೆ ಮಾತ್ರ ಒಂದು ವಿಚಿತ್ರ ನಡೆಯುತ್ತದೆ. ಅಲ್ಲಿ ಕೈಜೋಡಿಸುವವರ ಗುಂಪೂ ಬೆಳೆಯುತ್ತದೆ, ಕೈಕೊಡುವವರ ಗುಂಪೂ ಬೆಳೆಯುತ್ತದೆ, ಒಂದನ್ನೊಂದು ಅಟ್ಟಿಕೊಂಡು ಹೋಗುತ್ತಲೇ ಇರುತ್ತವೆ. ದೊಡ್ಡ ಚೌಕಳಿಯಲ್ಲಿ ಬಹುಮಟ್ಟಿಗೆ ಹೇಗೆ ಶುರುಮಾಡಿದರೂ ಕೊನೆಗೆ ಕೈಜೋಡಿಸುವವರ ಪಾಲು ಸುಮಾರು 0.318ರ ಸುತ್ತ, ಅಂದರೆ ನೂರಕ್ಕೆ 32ರ ಸುತ್ತ ನಿಲ್ಲುತ್ತದೆ. 99x99 ಮನೆಗಳ ಒಳ್ಳೆಯವರ ನಾಡಿನ ನಟ್ಟನಡುವೆ ಒಬ್ಬನೇ ಒಬ್ಬ ಕೈಕೊಡುವವನನ್ನು ಇಟ್ಟರೆ ಪರದೆಯ ತುಂಬ ನಾಲ್ಕು ದಿಕ್ಕಿಗೂ ಸಮನಾಗಿ ಬಿಡಿಸುತ್ತ ಹೋಗುವ ರಂಗೋಲಿಯಂಥ ಚಿತ್ರಗಳು ಮೂಡುತ್ತವೆ. ನೀಲಿ ಕೈಜೋಡಿಸುವವರು, ಕೆಂಪು ಕೈಕೊಡುವವರು, ಈಗಷ್ಟೇ ಮನಸ್ಸು ಬದಲಿಸಿದವರಿಗೆ ಹಸಿರು, ಹಳದಿ. ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೋಡ್ ಬರೆಯುವ ಓದುಗರು ಇದನ್ನು ಒಂದು ಭಾನುವಾರ ಪೈಥಾನಿನಲ್ಲಿ ಬರೆದು ನೋಡಬೇಕು, ನೂರು ಸಾಲೂ ಬೇಕಾಗದು.

ಇನ್ನು ಹಾಳೆಯಿಂದ ನೆಲಕ್ಕೆ ಬರೋಣ. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆ ವೈಟ್‌ಫೀಲ್ಡಿಗೂ ಎಲೆಕ್ಟ್ರಾನಿಕ್ ಸಿಟಿಗೂ ನಡುವಿನ ಪಟ್ಟಿಯಲ್ಲಿದೆ. ಮುನ್ನೂರಕ್ಕೂ ಹೆಚ್ಚು ನಿವೇಶನ, ಕಾವೇರಿ ಇರಲಿಲ್ಲ, ಎಲ್ಲ ಮನೆಗಳಿಗೂ ಬಡಾವಣೆಯ ಸಾಮೂಹಿಕ ಬೋರ್‌ವೆಲ್‌ಗಳೇ ಗತಿಯಾಗಿದ್ದವು. ಅವು ಒಂದೊಂದಾಗಿ ಸೊರಗತೊಡಗಿದಾಗ ನಿವಾಸಿಗಳ ಸಂಘ ಮೂರು ಕೆಲಸ ಮಾಡಿತು. ಯಾರೂ ತಮ್ಮ ಸೈಟಿನಲ್ಲಿ ಖಾಸಗಿ ಬೋರ್ ಹೊಡೆಸಬಾರದೆಂದು ಕಟ್ಟುಮಾಡಿತು. ಮೀಟರಿನ ನೀರಿಗೆ ಮೆಟ್ಟಿಲು ದರ ತಂದು, ಹೆಚ್ಚು ಬಳಸಿದಷ್ಟೂ ಲೀಟರಿನ ಬೆಲೆ ಏರುವಂತೆ ಮಾಡಿತು. ಮಳೆನೀರಿಗೆ ಬೀದಿಯ ಚರಂಡಿಯಲ್ಲೂ ಮನೆಯಂಗಳದಲ್ಲೂ ಇಂಗುಬಾವಿ ತೋಡಿಸಿತು, ತೋಡಿಸಿದ ಮನೆಗೆ ಬಿಲ್ಲಿನಲ್ಲಿ ರಿಯಾಯಿತಿ ಕೊಟ್ಟಿತು. ಬಯೋಮ್ ಟ್ರಸ್ಟಿನವರು ಜೊತೆಗೆ ನಿಂತರು. ಬೆಂಗಳೂರಿನಲ್ಲಿ ಹತ್ತು ಲಕ್ಷ ಇಂಗುಬಾವಿಗಳಾಗಬೇಕು ಎಂಬ ಅಭಿಯಾನ ನಡೆಸುತ್ತಿರುವವರೂ ಇವರೇ.

ಚೌಕಳಿಯ ಭಾಷೆಯಲ್ಲಿ ಓದಿದರೆ ಈ ಮೂರೂ ಬೇರೆ ಬೇರೆ ಕೆಲಸ. ಖಾಸಗಿ ಬೋರಿನ ನಿಷೇಧ ಮತ್ತು ಮೆಟ್ಟಿಲು ದರ ಸೇರಿ 2.1 ಆಗಿದ್ದ ಪ್ರಲೋಭನೆಯನ್ನು 2ರ ಕೆಳಕ್ಕೆ ಇಳಿಸಿದವು. ರಿಯಾಯಿತಿ, ಇಂಗಿಸಿದವರಿಗೆ ತಮ್ಮದೇ ಕೆಲಸದಿಂದ ಬರುವ ಅಂಕವನ್ನು ಏರಿಸಿತು. ಇದಕ್ಕಿಂತ ಮುಖ್ಯವಾದದ್ದು ಬಡಾವಣೆಯ ಎಲ್ಲೆ. ಇಂಗಿಸಿದವರ ಪಕ್ಕದಲ್ಲಿ ಇಂಗಿಸಿದವರೇ ಇದ್ದರು. ಒಬ್ಬರ ಬಾವಿಯ ನೀರು ಇಳಿದು ಹೋದದ್ದು ಇನ್ನೊಬ್ಬ ಇಂಗಿಸುವವರ ಅಡಿಗೇ. ಸಂಘದ ಬೋರಿನ ಮಟ್ಟ ಏನಾಯಿತೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು, ಹಾಗಾಗಿ ಅನುಕರಿಸಲು ಕಣ್ಣೆದುರು ಅಂಕಪಟ್ಟಿ ಇತ್ತು.

ಈ ಅಂಕಪಟ್ಟಿಯ ವಿಷಯ ನಾವು ಸಾಕಷ್ಟು ಮಾತಾಡಿಲ್ಲ. ನೊವಾಕ್ ಮತ್ತು ಮೇ ಅವರ ಆಟಗಾರನಿಗೆ ಪಕ್ಕದವನ ಅಂಕ ಕಾಣುತ್ತದೆ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಕಾಣುತ್ತದೆಯೇ? ಎಷ್ಟೋ ಕಡೆ ನೀರಿನ ಖರ್ಚು ಚದರಡಿ ಲೆಕ್ಕದ ನಿರ್ವಹಣಾ ಶುಲ್ಕದಲ್ಲಿ ಸೇರಿಹೋಗಿರುತ್ತದೆ. ಎರಡು ಬಕೆಟ್ಟಿನಲ್ಲಿ ದಿನ ಕಳೆಯುವವರಿಗೂ, ಬಾಲ್ಕನಿಯ ಪೈಪನ್ನು ಬಿಟ್ಟು ಮರೆಯುವವರಿಗೂ ಒಂದೇ ಮೊತ್ತ. ಟ್ಯಾಂಕರ್ ಇದನ್ನು ಇನ್ನೂ ಮರೆಮಾಡುತ್ತದೆ. ಹತ್ತು ಕಿಲೋಮೀಟರ್ ಆಚೆಯ ಯಾರದೋ ತೋಟದ ಬೋರಿನಿಂದ ನೀರು ಬಂದರೆ, ನಷ್ಟವೂ ಹತ್ತು ಕಿಲೋಮೀಟರ್ ಆಚೆ ಆಗುತ್ತದೆ. ನಮ್ಮ ಸಂಪು ತುಂಬಿರುತ್ತದೆ, ಆ ತೋಟದ ಪಕ್ಕದ ರೈತರ ಬೋರು ನಿಂತದ್ದು ನಮ್ಮ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಚೌಕಳಿಯ ಗಣಿತ ನಿಂತಿರುವುದೇ ಮಾಡಿದ್ದು ಪಕ್ಕದಲ್ಲೇ ಕಾಣುವುದರ ಮೇಲೆ. ಪ್ರತಿ ಮನೆಗೂ ಮೀಟರ್ ಹಾಕಿ ಅಂಕಿಗಳನ್ನು ಎಲ್ಲರಿಗೂ ತೋರಿಸುವುದು ನನ್ನ ಮಟ್ಟಿಗೆ ಇಂಗುಬಾವಿಯಷ್ಟೇ ದೊಡ್ಡ ಕೆಲಸ.

ಮಾದರಿಯನ್ನು ಕಣ್ಣುಮುಚ್ಚಿ ಒಪ್ಪಬಾರದು. ಅದಕ್ಕೆ ಬಿದ್ದ ಪೆಟ್ಟುಗಳನ್ನೂ ಹೇಳಬೇಕು. 1993ರಲ್ಲಿ ಹ್ಯೂಬರ್‌ಮನ್ ಮತ್ತು ಗ್ಲಾನ್ಸ್ ಒಂದು ಸರಳ ಪ್ರಶ್ನೆ ಎತ್ತಿದರು. ನಿಜ ಲೋಕದಲ್ಲಿ ಎಲ್ಲರೂ ಒಂದೇ ಗಂಟೆ ಬಾರಿಸಿದಾಗ ಮನಸ್ಸು ಬದಲಿಸುತ್ತಾರೆಯೇ? ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬದಲಿಸಿದರೆ ಏನಾಗುತ್ತದೆಂದು ಅವರು ಆಡಿ ನೋಡಿದರು. ಅದೇ ಆಟದಲ್ಲಿ ಕೈಕೊಡುವವರೇ ಹಾಳೆ ಪೂರ್ತಿ ಆವರಿಸಿಕೊಂಡರು. ಮರುವರ್ಷ ನೊವಾಕ್ ಮತ್ತು ಸಂಗಡಿಗರು ಉತ್ತರ ಕೊಟ್ಟರು: ಹೊತ್ತು ತಪ್ಪಿಸಿ ಆಡಿದರೂ ಪ್ರಲೋಭನೆ ಸ್ವಲ್ಪ ಕಡಿಮೆ ಇದ್ದರೆ ಕೈಜೋಡಿಸುವವರು ಉಳಿಯುತ್ತಾರೆ. ಈ ಜಗಳದಿಂದ ನಮಗೆ ಸಿಗುವ ಪಾಠ ದೊಡ್ಡದು. ನಾಲ್ಕು ಮನೆಯವರು ಒಟ್ಟಿಗೇ, ಒಂದೇ ಮಳೆಗಾಲಕ್ಕೆ ಮೊದಲು ಇಂಗುಬಾವಿ ಮಾಡಿಸುವುದಕ್ಕೂ, ಈ ವರ್ಷ ಒಬ್ಬರು, ಮುಂದಿನ ವರ್ಷ ಒಬ್ಬರು ಎಂದು ಎಳೆಯುವುದಕ್ಕೂ ವ್ಯತ್ಯಾಸವಿದೆ. ಮೊದಲ ವರ್ಷ ಮಾಡಿದವರು ಎರಡನೆಯ ವರ್ಷದ ಹೊತ್ತಿಗೆ ಬೇಸತ್ತಿರುತ್ತಾರೆ.

2004ರಲ್ಲಿ ಹೌವರ್ಟ್ ಮತ್ತು ಡೋಬೆಲಿ ತೋರಿಸಿದ್ದು ಇನ್ನೂ ಮುಜುಗರದ ಸಂಗತಿ. ಕೆಲವು ಆಟಗಳಲ್ಲಿ ಚೌಕಳಿ ಸಹಕಾರವನ್ನು ಕೆಡಿಸುತ್ತದೆ. ಒಬ್ಬರೇ ಮಾಡಿದರೂ ಇಬ್ಬರಿಗೂ ಸಾಕಾಗುವ ಕೆಲಸಗಳಲ್ಲಿ ಹೀಗಾಗುತ್ತದೆ. ಎರಡು ಮನೆಯ ನಡುವಿನ ಮೋರಿ ಕಟ್ಟಿಕೊಂಡಿದೆ ಎನ್ನಿ, ಯಾರು ಬಿಡಿಸಿದರೂ ಇಬ್ಬರಿಗೂ ಅನುಕೂಲ. ಅಲ್ಲಿ ಒಬ್ಬರು ಮಾಡುತ್ತಾರೆಂದು ಗೊತ್ತಾದರೆ ಪಕ್ಕದವರೆಲ್ಲ ಸುಮ್ಮನಾಗುತ್ತಾರೆ. ಆದ್ದರಿಂದ ಯಾವ ಕೆಲಸ ಯಾವ ಆಟ ಎಂದು ಮೊದಲು ಗುರುತಿಸಿಕೊಳ್ಳಬೇಕು. ಇಂಗಿಸುವುದು ಅಕ್ಕಪಕ್ಕ ಕೂಡಿ ಮಾಡುವ ಕೆಲಸ. ಮೋರಿ ಬಿಡಿಸುವುದನ್ನು ಸಂಬಳಕ್ಕೆ ಒಬ್ಬರನ್ನಿಟ್ಟು ಮಾಡಿಸುವುದೇ ಒಳ್ಳೆಯದು.

ಈ ಗಣಿತಕ್ಕೆ ಬೆಂಗಳೂರಿನ ಕೊಡುಗೆಯೂ ಇದೆ. ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಕಣಜಗಳ ಗೂಡಿನ ಮುಂದೆ ದಶಕಗಟ್ಟಲೆ ಕೂತು, ಒಂದು ಜೀವಿ ಇನ್ನೊಂದಕ್ಕಾಗಿ ಏಕೆ ದುಡಿಯುತ್ತದೆ ಎಂದು ಹುಡುಕಿದವರು. ಅದೇ ಸಂಸ್ಥೆಯ ಎನ್.ವಿ. ಜೋಶಿ 1987ರಲ್ಲಿ, ಅಂದರೆ ನೊವಾಕ್ ಮತ್ತು ಮೇ ಅವರಿಗಿಂತ ಐದು ವರ್ಷ ಮೊದಲು, 'ಜರ್ನಲ್ ಆಫ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ಒಂದು ಲೆಕ್ಕ ಮಾಡಿ ತೋರಿಸಿದರು. ನೀನು ಮಾಡಿದರೆ ನಾನೂ ಮಾಡುತ್ತೇನೆ ಎಂಬ ಕೊಡುಕೊಳ್ಳುವಿಕೆ ಇಬ್ಬರ ನಡುವೆ ಸುಲಭವಾಗಿ ನೆಲೆಗೊಳ್ಳುತ್ತದೆ, ಗುಂಪು ದೊಡ್ಡದಾದಂತೆ ಅದು ಬಹಳ ಕಷ್ಟವಾಗುತ್ತದೆ. ಮರುವರ್ಷ ಬಾಯ್ಡ್ ಮತ್ತು ರಿಚರ್ಸನ್ ಕೂಡ ಇದೇ ತೀರ್ಮಾನಕ್ಕೆ ಬಂದರು. 2006ರಲ್ಲಿ ಒಟ್ಸುಕಿ ಮತ್ತು ನೊವಾಕ್ ತಂಡ ಕೊಟ್ಟ ಸೂತ್ರವೂ ಇದಕ್ಕೆ ಹತ್ತಿರದ್ದೇ. ಪಕ್ಕದವರಿಗೆ ಆಗುವ ಲಾಭವನ್ನು ಮಾಡಿದವರ ಖರ್ಚಿನಿಂದ ಭಾಗಿಸಿ, ಆ ಸಂಖ್ಯೆ ಒಬ್ಬೊಬ್ಬರಿಗೆ ಇರುವ ನೆರೆಯವರ ಸಂಖ್ಯೆಗಿಂತ ಹೆಚ್ಚಿದ್ದರೆ ಸಹಕಾರ ಬೆಳೆಯುತ್ತದೆ. ನೆರೆಯವರು ಕಡಿಮೆಯಾದಷ್ಟೂ ಸುಲಭ.

ಸಾವಿರ ಫ್ಲ್ಯಾಟಿನ ಗೋಪುರಗಳ ಸಂಘದ ವಾರ್ಷಿಕ ಸಭೆಗೆ ಹೋದವರಿಗೆ ಇದನ್ನು ಸೂತ್ರ ಹಾಕಿ ವಿವರಿಸಬೇಕಾಗಿಲ್ಲ. ಅಲ್ಲಿ ನಿರ್ಣಯ ಪಾಸಾಗುತ್ತದೆ, ಕೆಲಸ ಆಗುವುದಿಲ್ಲ. ಒಂದು ಮಹಡಿ, ಒಂದು ಬ್ಲಾಕು, ಒಂದು ಅಡ್ಡರಸ್ತೆ ಎಂದು ಒಡೆದುಕೊಂಡರೆ ಆಗುತ್ತದೆ.

ಜನ ನೆಲೆ ನಿಲ್ಲುವುದಿಲ್ಲವಲ್ಲ, ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರರ ಊರಿನಲ್ಲಿ ನೆರೆಹೊರೆ ಎಲ್ಲಿಯದು ಎಂದು ಕೇಳುವವರಿದ್ದಾರೆ. ಇದಕ್ಕೂ ಇಲ್ಲಿಂದಲೇ ಒಂದು ಉತ್ತರ ಬಂದಿದೆ. ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ವಿಶ್ವೇಶ ಗುತ್ತಲ್, ಜೈದೀಪ್ ಜೋಶಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟಗಾರರನ್ನು ಮನೆಯಲ್ಲಿ ಕಟ್ಟಿಹಾಕದೆ ಓಡಾಡಲು ಬಿಟ್ಟರು. ಚಲನೆ ಗುಂಪುಗಳನ್ನು ಚೆದುರಿಸುತ್ತದೆಂದು ಎಣಿಸುವುದು ಸಹಜ. ಆದರೆ ಓಡಾಟದ ನಡುವೆಯೇ ಗುಂಪುಗಳು ತಾವಾಗಿ ಕೂಡುತ್ತ, ಒಡೆಯುತ್ತ, ಕೈಜೋಡಿಸುವವರು ಒಂದೆಡೆ ಸೇರಿಕೊಳ್ಳುವ ಸ್ಥಿತಿ ಉಂಟಾಗಬಲ್ಲದು ಎಂದು ಅವರ ಮಾದರಿ ತೋರಿಸಿತು. ಬಾಡಿಗೆಯವರು ಬಂದು ಹೋಗುತ್ತಾರೆಂಬುದು ಕೈಚೆಲ್ಲಿ ಕೂರಲು ಕಾರಣವಾಗಬೇಕಿಲ್ಲ.

ಹಾಳೆಯ ಮೇಲಿನ ಚೌಕ ನೆಲದಡಿ ಇಲ್ಲ. ಬೆಂಗಳೂರಿನ ಕೆಳಗಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಅದರ ಬಿರುಕುಗಳು ಎತ್ತ ಓಡಿವೆಯೋ ಅತ್ತ ನೀರು. ಗೋಡೆ ಹಂಚಿಕೊಂಡವರು ಜಲದ ಲೆಕ್ಕದಲ್ಲಿ ನೆರೆಯವರಲ್ಲದೆ ಇರಬಹುದು, ಎರಡು ಬೀದಿ ಆಚೆಯವರು ನೆರೆಯವರಾಗಿರಬಹುದು. ಇದನ್ನು ತಿಳಿಯಲು ಸರ್ಜಾಪುರ ಭಾಗದಲ್ಲಿ ಬಯೋಮ್ ಟ್ರಸ್ಟ್ ಮತ್ತು ಪುಣೆಯ ಅಕ್ವಾಡ್ಯಾಮ್ ಸಂಸ್ಥೆ, ವಿಪ್ರೊ ಕಂಪನಿಯ ನೆರವಿನಿಂದ, ಜನರನ್ನೇ ಸೇರಿಸಿಕೊಂಡು ಅಂತರ್ಜಲದ ನಕ್ಷೆ ಮಾಡಿದವು. ಯಾರ ಬಾವಿ ಯಾವ ಪದರದಲ್ಲಿದೆ, ಎಲ್ಲಿ ಇಂಗಿಸಿದರೆ ಎಲ್ಲಿ ಮಟ್ಟ ಏರುತ್ತದೆ ಎಂಬುದು ಇಂಥ ನಕ್ಷೆಯಿಲ್ಲದೆ ಊಹೆಯೇ. ಈ ನೆಲದ ಗುಟ್ಟು ಇನ್ನೊಂದು ಬಗೆಯ ಜನರಿಗೂ ಗೊತ್ತು. ಸರ್ಜಾಪುರದ ಬಳಿಯ ಭೋವಿಪಾಳ್ಯದ ಮಣ್ಣು ವಡ್ಡರು ತಲೆಮಾರುಗಳಿಂದ ಬಾವಿ ತೋಡಿಕೊಂಡು ಬಂದವರು. ಮೂರಡಿ ಅಗಲದ ಗುಂಡಿಗೆ ಇಳಿದು ಮಣ್ಣಿನ ಬಣ್ಣ, ತೇವ ನೋಡಿ ನೀರು ಹಿಡಿಯುತ್ತದೋ ಇಲ್ಲವೋ ಹೇಳುತ್ತಾರೆ. ಇಪ್ಪತ್ತು ಮೂವತ್ತು ಅಡಿ ತೋಡಿ ಸಿಮೆಂಟಿನ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ ಕೂರಿಸುವುದೂ ಅವರ ಕೈಯ ಕೆಲಸವೇ. ಬೋರ್ ಲಾರಿಗಳು ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಇವರಿಗೆ ಇಂಗುಬಾವಿ ಮತ್ತೆ ಕೂಲಿ ಕೊಟ್ಟಿದೆ.

ಕೂಡಿದ ಗುಂಪಿಗೂ ಹೊರಗಿನ ಮನೆಗಳ ಕಾಟ ತಪ್ಪದು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಇದೇ ರೇನ್‌ಬೋ ಡ್ರೈವ್ ಮುಳುಗಿತು, ಜನ ಟ್ರ್ಯಾಕ್ಟರ್ ಹತ್ತಿ ಆಚೆ ಬಂದರು. ಇಂಗಿಸುವುದನ್ನು ಕಲಿತ ಬಡಾವಣೆ ಕೂಡ ಆ ಭಾಗದ ರಾಜಕಾಲುವೆಗಳ ಸ್ಥಿತಿಯನ್ನು ತಾನೊಂದೇ ಬದಲಿಸಲಾರದು. ಕೆರೆಯಿಂದ ಕೆರೆಗೆ ಹರಿಯುವ ನೀರಿನ ಆಟದಲ್ಲಿ ಮನೆಗಳು ಅಕ್ಕಪಕ್ಕ ಇಲ್ಲ, ಮೇಲೆ ಕೆಳಗೆ ಇವೆ. ಅಲ್ಲಿ ಸರ್ಕಾರ ಬೇಕೇ ಬೇಕು.

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಪರಿಸ್ಥಿತಿ ಇನ್ನೂ ಕಠಿಣ. ಅಲ್ಲಿನ ಸಣ್ಣ ಸಣ್ಣ ಲೋಹಲೇಪನದ ಘಟಕಗಳಿಗೆ ಆಮ್ಲ, ಕ್ರೋಮಿಯಂ ಬೆರೆತ ನೀರನ್ನು ಶುದ್ಧಮಾಡುವ ಖರ್ಚು ಭಾರ. ಕದ್ದು ಚರಂಡಿಗೆ ಬಿಟ್ಟವರಿಗೆ ಆ ಖರ್ಚು ಉಳಿತಾಯ, ವಿಷ ಎಲ್ಲರಿಗೂ. ಈ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದನ್ನು ಪರೀಕ್ಷೆಗಳು ತೋರಿಸಿವೆ. ಚೌಕಳಿಯಲ್ಲಿ ಒಂದು ಮನೆ ಮನಸ್ಸು ಬದಲಿಸಿದರೆ ಹಿಂದಿನದು ಅಳಿಸಿಹೋಗುತ್ತದೆ. ಬಂಡೆಯ ಬಿರು‌ಕಿಗೆ ಇಳಿದ ಕ್ರೋಮಿಯಂ ಹಾಗೆ ಅಳಿಯುವುದಿಲ್ಲ. ಅನುಕರಣೆಯಿಂದ ಎಲ್ಲರೂ ನಿಧಾನವಾಗಿ ಒಳ್ಳೆಯವರಾಗಲಿ ಎಂದು ಪೀಣ್ಯದಲ್ಲಿ ಕಾಯುವಂತಿಲ್ಲ. ಸಾಮೂಹಿಕ ಶುದ್ಧೀಕರಣ ಘಟಕ, ಕಟ್ಟುನಿಟ್ಟಿನ ತಪಾಸಣೆ ಎರಡೂ ಒಟ್ಟಿಗೆ ಬೇಕು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ದಿಮೆಗಳಿಗೆ 2013ರಲ್ಲಿ ತಮ್ಮದೇ ಟೌನ್‌ಶಿಪ್ ಪ್ರಾಧಿಕಾರ ಸಿಕ್ಕಿತು. ಎಲ್ಲೆ ಗೊತ್ತಿರುವ, ತೆರಿಗೆಯ ಬಹುಪಾಲು ಅಲ್ಲೇ ವೆಚ್ಚವಾಗುವ ಅಂಥ ಒಂದು ವ್ಯವಸ್ಥೆಯನ್ನು ಪೀಣ್ಯದ ಒಂದೊಂದು ಹಂತಕ್ಕೂ ಯಾಕೆ ಯೋಚಿಸಬಾರದು?

ಸರ್ಕಾರದ ನೀತಿ ಮಾತ್ರ ಇವತ್ತಿಗೂ ಬೀಜ ಚೆಲ್ಲುವ ಬಗೆಯದೇ. 2009ರ ತಿದ್ದುಪಡಿಯಿಂದ 60x40 ಮತ್ತು ಅದಕ್ಕಿಂತ ದೊಡ್ಡ ಹಳೆಯ ಮನೆಗಳಿಗೆ, 30x40 ಮತ್ತು ಮೇಲಿನ ಹೊಸ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಯಿತು. 2011ರ ಅಂತರ್ಜಲ ಕಾಯ್ದೆ ಬೋರಿಗೆ ಅನುಮತಿ ಬೇಕೆಂದಿತು. ಎರಡೂ ಬಿಡಿ ಮನೆಯನ್ನೇ ನೋಡುತ್ತವೆ. ದಂಡವೂ ಬಿಡಿ ಮನೆಗೆ, ನೋಟಿಸೂ ಬಿಡಿ ಮನೆಗೆ. ಇಂಗಿಸಿದವರು ಊರ ತುಂಬ ಚದುರಿ, ತಮ್ಮ ನೀರು ಪಕ್ಕದವರ ಬೋರಿಗೆ ಹೋಗುವುದನ್ನು ನೋಡಿ ಕೈಬಿಡುತ್ತಾರೆ. ಕಾವೇರಿ ಐದನೇ ಹಂತದ ನಲ್ಲಿ ಬಂದ ಮೇಲೆ ಉಳಿದಿದ್ದ ಉತ್ಸಾಹವೂ ಇಳಿಯಬಹುದೆಂಬ ಆತಂಕ ನನಗಿದೆ.

ಗ್ರೇಟರ್ ಬೆಂಗಳೂರಿನ ಐದು ಪಾಲಿಕೆಗಳನ್ನೂ ಜಲಮಂಡಳಿಯನ್ನೂ ಕೇಳುವುದು ಒಂದೇ. ಇಂಗುಬಾವಿಯ ರಿಯಾಯಿತಿಯನ್ನು ಬಿಡಿ ಮನೆಗೆ ಕೊಡಬೇಡಿ, ಚೌಕವಾಗಿ ಕೂಡಿರುವ ನಾಲ್ಕು ಮನೆ ಒಟ್ಟಾಗಿ ಅರ್ಜಿ ಹಾಕಿದರೆ ಕೊಡಿ. ಅವರ ಬೀದಿಯ ಒಂದು ಬೋರಿನ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಅಲ್ಲೇ ಹಲಗೆಯ ಮೇಲೆ ಬರೆಯಿರಿ. ಓದುಗರಿಗೂ ಒಂದು ಮಾತು. ಆದೇಶ ಬರುವವರೆಗೆ ಕಾಯಬೇಡಿ. ಒಂದು ಪಕ್ಕದವರನ್ನು, ಹಿಂದಿನ ಮನೆಯವರನ್ನು, ಆ ಪಕ್ಕದವರ ಹಿಂದಿನ ಮನೆಯವರನ್ನು ಈ ವಾರವೇ ಕರೆದು ಮಾತಾಡಿ, ಮುಂಗಾರಿಗೆ ಮೊದಲು ನಾಲ್ಕೂ ಬಾವಿ ಒಟ್ಟಿಗೆ ತೋಡಿಸಿ.